ಗ್ಯಾಸ್ ಕಿಟ್ ಬಿಚ್ಚಿದ ಮೇಲೆ ಆ ಎರಡು ಬಾಯಿ ಮುಚ್ಚೋದು ಯಾರ ಕೆಲಸ?

ಎಂಜಿನ್‌ನಲ್ಲಿ ಬೇಡವಾದ ಒಂದು ಕೂಲೆಂಟ್ (ಎಂಜಿನ್ ತಣ್ಣಗಿಡೋ ದ್ರವ) ಪೈಪಿನ ಬಾಯಿ ಮುಚ್ಚೋದು ಅಷ್ಟು ದೊಡ್ಡ ಕೆಲಸಾನಾ? ಹೊಸ ಹೋಸ್, ನಾಲ್ಕು ಕ್ಲಿಪ್, ಒಂದು ಗಂಟೆ. ಅಷ್ಟೇ. ಅಷ್ಟು ಮಾಡೋಕೆ ಸೋಮಾರಿತನ ಪಟ್ಟ ಒಬ್ಬ ಮೆಕ್ಯಾನಿಕ್ ದೆಸೆಯಿಂದ ನನ್ನ ಗಾಡಿಯ ಹೆಡ್ಡೇ, ಅಂದರೆ ಎಂಜಿನ್ನಿನ ಮೇಲ್ಭಾಗವೇ, ಬಾಗಿಹೋಯಿತು. ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಂದು ಹಳೇ ವ್ಯಾಗನ್ ಆರ್. ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಹೊರಗಡೆ ಹಾಕಿಸಿದ ಎಲ್‌ಪಿಜಿ ಕಿಟ್ ಇತ್ತು. ಗ್ಯಾಸ್ ಬಂಕ್ ಹುಡುಕೋದೇ ಒಂದು ಗೋಳಾಯಿತು, ಟ್ಯಾಂಕ್ ಟೆಸ್ಟಿಂಗ್ ಇನ್ನೊಂದು ಗೋಳು, ಸಾಕು ಅಂತ ಕಿಟ್ ತೆಗೆಸಿ ಬರೀ ಪೆಟ್ರೋಲಿಗೆ ಬಂದೆ. ತೆಗೆಯೋಕೆ ಕೂಲಿ ಕೇಳಿದಷ್ಟು ಕೊಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟ್ಯಾಂಕಿನಿಂದ ದ್ರವವಾಗಿ ಬರುವ ಗ್ಯಾಸ್ ಆವಿಯಾಗಬೇಕು ಅಂದರೆ ಶಾಖ ಬೇಕು, ಇಲ್ಲದಿದ್ದರೆ ರಿಡ್ಯೂಸರ್, ಅಂದರೆ ಗ್ಯಾಸಿನ ಒತ್ತಡ ಇಳಿಸಿ ಆವಿ ಮಾಡೋ ಡಬ್ಬಿ, ಮಂಜುಗಟ್ಟುತ್ತದೆ. ಆ ಶಾಖಕ್ಕೆ ಎಂಜಿನ್‌ನ ಬಿಸಿ ಕೂಲೆಂಟನ್ನೇ ತಿರುಗಿಸಿಕೊಳ್ಳುತ್ತಾರೆ. ಗಾಡಿಯೊಳಗೆ ಬಿಸಿ ಗಾಳಿ ಕೊಡೋ ಹೀಟರ್‌ಗೆ ಹೋಗೋ ಹೋಸ್ ಕತ್ತರಿಸಿ ಮೂರು ಬಾಯಿಯ ಒಂದು ಟಿ ಜಾಯಿಂಟ್, ವಾಪಸ್ ಬರೋ ಹೋಸ್‌ನಲ್ಲಿ ಇನ್ನೊಂದು. ಕಿಟ್ ಬಿಚ್ಚಿದಾಗ ರಿಡ್ಯೂಸರ್ ಹೋಗುತ್ತದೆ, ಆದರೆ ಆ ಎರಡು ಟಿಗಳ ಬಾಯಿ ಹಾಗೇ ತೆರೆದುಕೊಂಡು ಉಳಿಯುತ್ತವೆ. ಸರಿಯಾದ ಕೆಲಸ ಏನು? ಟಿ ಎರಡನ್ನೂ ಕಿತ್ತೆಸೆದು, ಹೀಟರ್‌ಗೆ ಮೊದಲಿದ್ದ ಹಾಗೆ ಒಂದೇ ತುಂಡಿನ ಹೊಸ ಹೋಸ್ ಹಾಕೋದು. ಕತ್ತರಿಸಿದ ಜಾಗವೇ ಇಲ್ಲದಿದ್ದರೆ ಸೋರೋ ಪ್ರಶ್ನೆಯೇ ಇಲ್ಲ ಅಲ್ವಾ?

ಇವನು ಮಾಡಿದ್ದೇನು ಗೊತ್ತಾ? ಒಂದು ಟಿಗೆ ಗೇಣುದ್ದ ಹಳೇ ಹೋಸ್ ಬಿಟ್ಟು, ಅದರ ಬಾಯಿಗೆ ಒಂದು ತುಕ್ಕು ಹಿಡಿದ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದ. ಇನ್ನೊಂದಕ್ಕೆ ವ್ಯಾಕ್ಯೂಮ್ ಪೈಪಿಗೆ ಹಾಕೋ ಸಣ್ಣ ರಬ್ಬರ್ ಕ್ಯಾಪ್ ಸಿಕ್ಕಿಸಿ ಸುತ್ತ ಎಂ-ಸೀಲ್ ಮೆತ್ತಿದ್ದ. ಕೇಳಿದ್ದಕ್ಕೆ "ಎರಡೂ ಡಮ್ಮಿ ಮಾಡಿದೀನಿ ಸಾರ್, ಲೈಫ್‌ಲಾಂಗ್ ಏನೂ ಆಗಲ್ಲ" ಅಂದ.

ಲೈಫ್‌ಲಾಂಗ್ ಅಂತೆ!

ಆ ಕ್ಯಾಪ್ ಇರೋದೇ ಗಾಳಿ ಎಳೆಯೋ ಜಾಗಕ್ಕೆ. ವ್ಯಾಕ್ಯೂಮ್ ಅದನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ, ಅದಕ್ಕೇ ಅಲ್ಲಿ ನಿಲ್ಲುತ್ತದೆ. ಕೂಲೆಂಟ್ ಮಾಡೋದು ಉಲ್ಟಾ, ಹೊರಕ್ಕೆ ತಳ್ಳುತ್ತದೆ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತದೆ, ನೋಡಿ. ಅದು ಬಾರ್ ಲೆಕ್ಕದ ಒತ್ತಡ, ಹೆಚ್ಚುಕಡಿಮೆ ಮನೆ ಕುಕ್ಕರಿನೊಳಗೆ ಇರುವಷ್ಟು. ಆ ಒತ್ತಡ ಇರೋದರಿಂದಲೇ ನೀರು 100 ಡಿಗ್ರಿಗೆ ಕುದಿಯದೆ 118–120ರವರೆಗೆ ತಡೆಯುತ್ತದೆ. 90 ಡಿಗ್ರಿ ಬಿಸಿ ಕೂಲೆಂಟ್, ಮೇಲೆ ಈ ಒತ್ತಡ, ಅದಕ್ಕೆ ಎದುರಾಗಿ ಒಂದು ತೆಳ್ಳಗಿನ ರಬ್ಬರ್ ಟೊಪ್ಪಿ. ಎಷ್ಟು ದಿನ ತಡೆದೀತು? ಎಂ-ಸೀಲ್ ಬೇಕಾದ ಜಾಗಕ್ಕೆ ಒಳ್ಳೆಯದೇ, ಆದರೆ ದಿನಾ ಬಿಸಿಯಾಗಿ ತಣ್ಣಗಾಗೋ, ಎಂಜಿನ್ ಜೊತೆ ಅದುರೋ ರಬ್ಬರ್ ಮೇಲೆ ಗಟ್ಟಿ ಪುಟ್ಟಿ ಮೆತ್ತಿದರೆ ಬಿರುಕು ಬಿಡದೆ ಇನ್ನೇನಾಗುತ್ತದೆ?

ಬೋಲ್ಟ್ ಕಥೆಯೂ ಅಷ್ಟೇ. ಬೋಲ್ಟಿನ ಥ್ರೆಡ್ ಒಂದು ಸುತ್ತು ದಾರಿ. ಕ್ಲಿಪ್ ಎಷ್ಟೇ ಬಿಗಿದರೂ ಆ ಸಂದಿಯಲ್ಲೇ ಸುತ್ತಿಕೊಂಡು ಜಿನುಗುತ್ತದೆ. ಜಾಸ್ತಿ ಬಿಗಿದರೆ ಥ್ರೆಡ್ಡೇ ಒಳಗಿನಿಂದ ಹೋಸ್ ಕೊಯ್ಯುತ್ತದೆ.

ಮೊದಮೊದಲು ಎಸಿ ಆಫ್ ಮಾಡಿದರೆ ಕೂಲೆಂಟಿನ ಸಿಹಿ ಸಿಹಿ ವಾಸನೆ ಬರುತ್ತಿತ್ತು. ಟಿ ಸುತ್ತ ಸೋರಿ ಒಣಗಿದ ಕೂಲೆಂಟಿನ ಹಸಿರು ಪುಡಿ ಕಟ್ಟಿತ್ತು, ಬೆರಳಿಗೆ ಅಂಟುವ ಹಾಗೆ. ಊರಿಗೆ ಹೊರಡೋ ಮುಂಚೆ ಅದೇ ಗ್ಯಾರೇಜಿಗೆ ಒಯ್ದು ತೋರಿಸಿದೆ. ಬಾನೆಟ್ ಎತ್ತಿದ, ಬಟ್ಟೆಯಲ್ಲಿ ಒರೆಸಿದ, ಕ್ಲಿಪ್ ಇನ್ನೊಂದು ಸುತ್ತು ಬಿಗಿದ, ನಲ್ಲಿಗೆ ಪೈಪ್ ಹಾಕಿ ಬೋರ್‌ವೆಲ್ ನೀರು ತುಂಬಿಸಿಬಿಟ್ಟ. "ಚೂರು ಕಮ್ಮಿ ಆಗಿತ್ತು ಸಾರ್, ಆರಾಮಾಗಿ ಹೋಗ್ಬನ್ನಿ." ಬೆಂಗಳೂರಿನ ಬೋರ್ ನೀರು ಬಕೆಟ್ಟಿನಲ್ಲಿ ಇಟ್ಟರೇ ಬಿಳಿ ಕಲೆ ಕಟ್ಟುತ್ತದೆ. ಅದನ್ನ ರೇಡಿಯೇಟರಿಗೆ ಹಾಕೋದಾ? ಪ್ರೆಶರ್ ಟೆಸ್ಟ್ ಮಾಡು ಅಂದೆ. ಮುಚ್ಚಳದ ಜಾಗಕ್ಕೆ ಒಂದು ಕೈ ಪಂಪು ಹಾಕಿ ಒತ್ತಡ ತುಂಬಿ ಹತ್ತು ನಿಮಿಷ ಮುಳ್ಳು ಇಳಿಯುತ್ತಾ ನೋಡಿದರೆ ಆಯಿತು, ಸೋರಿಕೆ ಇದ್ದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಅದೆಲ್ಲ ಬೇಕಾಗಿಲ್ಲ ಅಂದ.

ಕುಣಿಗಲ್ ದಾಟಿ ಬೆಳ್ಳೂರು ಕ್ರಾಸ್ ಹತ್ತಿರ ಕ್ಯಾಪ್ ಹಾರಿತು. ಟೆಂಪರೇಚರ್ ಮುಳ್ಳು ಒಂದು ಸಲ ಮೇಲೆ ಹೋಗಿ ತಟಕ್ಕನೆ ಕೆಳಗಿಳಿಯಿತು. ಇಳಿದದ್ದು ತಣ್ಣಗಾಯಿತು ಅಂತಲ್ಲ, ಸೆನ್ಸರ್ ಇರೋ ಜಾಗದಲ್ಲಿ ಕೂಲೆಂಟೇ ಉಳಿದಿರಲಿಲ್ಲ. ಕೂಲೆಂಟ್ ಮುಟ್ಟದಿದ್ದರೆ ಸೆನ್ಸರ್ ಸರಿಯಾದ ಬಿಸಿ ತೋರಿಸೋದಿಲ್ಲ. ಬಾನೆಟ್ ಸಂದಿಯಿಂದ ಹಬೆ ಎದ್ದಾಗ ಗಾಡಿ ಪಕ್ಕಕ್ಕೆ ಹಾಕಿದೆ. ಹಿಂದಿನ ಸೀಟಿನಲ್ಲಿ ಅಮ್ಮ, ಮಂಡಿ ನೋವಿನವರು. ಆ ಬಿಸಿಲಲ್ಲಿ, ಲಾರಿಗಳು ಮೈಮೇಲೆ ಬರೋ ಹೆದ್ದಾರಿ ಬದಿಯಲ್ಲಿ ಅವರನ್ನು ಇಳಿಸಿ ನಿಲ್ಲಿಸಬೇಕಾಯಿತು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಸಿಟ್ಟು ನನಗೆ ಅದಕ್ಕೇ.

ಹೆಡ್ ಅಲ್ಯೂಮಿನಿಯಂದು. ಕೂಲೆಂಟ್ ಇಲ್ಲದೆ ಸ್ವಲ್ಪ ದೂರ ಓಡಿದರೂ ಬಾಗುತ್ತದೆ. ಹೆಡ್ ಕೆಳಗಿನ ಸೀಲ್, ಅಂದರೆ ಗ್ಯಾಸ್ಕೆಟ್ ಹೋಯಿತು, ಹೆಡ್ ಲೇತ್‌ಗೆ ಕಳಿಸಿ ಫೇಸಿಂಗ್ (ಉಜ್ಜಿ ಸಮತಟ್ಟು) ಮಾಡಿಸಬೇಕಾಯಿತು, ಆಯಿಲ್ ಪೂರ್ತಿ ಬದಲಾಯಿಸಬೇಕಾಯಿತು. ಟೋಯಿಂಗ್ ಬೇರೆ. ಎಲ್ಲ ಸೇರಿ ಇಪ್ಪತ್ತು ಸಾವಿರದ ಮೇಲೆ. ಕೆಲವು ನೂರು ರೂಪಾಯಿಯ ಹೋಸ್ ಉಳಿಸಿದ್ದಕ್ಕೆ!

ಈಗ ಅವನಿಗೆ ಫೋನ್ ಮಾಡಿದರೆ "ಹಳೇ ಗಾಡಿ ಸಾರ್, ಹಿಂಗೆಲ್ಲ ಆಗುತ್ತೆ" ಅನ್ನುತ್ತಾನೆ. ಹಳೇದು ಗಾಡಿ. ನೀನು ಹಾಕಿದ ಕ್ಯಾಪ್ ಹಳೇದಲ್ಲವಲ್ಲಪ್ಪ! ಹಳೇ ಗಾಡಿಯ ಮಾಲೀಕ ಕೊಡೋ ನೋಟು ಹಳೇದು ಅಂತ ಬೇಡ ಅಂದಿದ್ದೀಯಾ?

ಹೆಡ್ ಕೆಲಸ ಮಾಡಿದ ಇನ್ನೊಬ್ಬ ಮೆಕ್ಯಾನಿಕ್, ವಯಸ್ಸಾದವರು, ಎರಡೂ ಟಿ ಕಿತ್ತು ನನ್ನ ಕೈಗೆ ಕೊಟ್ಟು, ಒಂದೇ ತುಂಡಿನ, ಬಿಸಿ ತಡೆಯೋ ಇಪಿಡಿಎಂ ರಬ್ಬರಿನ ಹೋಸ್ ಹಾಕಿದರು. ಎಂಜಿನ್ ಬ್ಲಾಕಿಗೇ ನಿಪ್ಪಲ್ (ಹೋಸ್ ಸಿಕ್ಕಿಸೋ ಮೂತಿ) ಇದ್ದಿದ್ದರೆ ಏನು ಮಾಡ್ತಿದ್ರಿ ಅಂತ ಕೇಳಿದೆ. ನಿಪ್ಪಲ್ ಬಿಚ್ಚಿ ಅದೇ ಥ್ರೆಡ್ಡಿನ ಪ್ಲಗ್ ಹಾಕಿ ಸೀಲೆಂಟ್ ಹಚ್ಚೋದು, ಥ್ರೆಡ್ ಇಲ್ಲದ ಒತ್ತಿ ಕೂರಿಸಿದ ಪೈಪ್ ಆದರೆ ಅದನ್ನು ತೆಗೆದು ಅಳತೆಯ ವೆಲ್ಷ್ ಪ್ಲಗ್ (ತೂತಿಗೆ ಬಿಗಿಯಾಗಿ ಕೂರೋ ಲೋಹದ ಬಿಲ್ಲೆ) ಹೊಡೆಯೋದು, ಅಂದರು. ಆಮೇಲೆ ಕೂಲೆಂಟ್ ತುಂಬಿಸಿ ಏರ್ ತೆಗೆದು, ಫ್ಯಾನ್ ಎರಡು ಸಲ ಆನ್ ಆಫ್ ಆಗೋವರೆಗೂ ಪಕ್ಕದಲ್ಲೇ ನಿಂತಿದ್ದರು. ಹೀಗೂ ಕೆಲಸ ಮಾಡೋರು ಇದ್ದಾರೆ, ಅದಕ್ಕೇ ಇನ್ನೂ ಹೊಟ್ಟೆ ಉರಿಯೋದು.

ಕಿಟ್ ತೆಗೆಸಿದವರು ದಯವಿಟ್ಟು ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿ ಹೀಟರ್ ಹೋಸ್ ಎರಡನ್ನೂ ಕೈಯಲ್ಲಿ ಸವರಿಕೊಂಡು ಹೋಗಿ. ಮಧ್ಯೆ ಟಿ ಸಿಕ್ಕಿ, ಅದರಲ್ಲಿ ಬೋಲ್ಟೋ ಕ್ಯಾಪೋ ಇದ್ದರೆ, ಊರಿಗೆ ಹೊರಡೋ ಮುಂಚೆ ಬದಲಾಯಿಸಿ.

ನಾನು ಸೋಮವಾರ ಅವನ ಗ್ಯಾರೇಜಿಗೆ ಹೋಗುತ್ತಿದ್ದೇನೆ. ಆ ಬೋಲ್ಟು, ಟಿ ಎರಡು, ಲೇತ್ ಬಿಲ್ಲು ಎಲ್ಲ ಅವನ ಟೇಬಲ್ ಮೇಲೆ ಇಟ್ಟು, ಅಲ್ಲಿ ಕೂತಿರೋ ಬೇರೆ ಗಿರಾಕಿಗಳ ಮುಂದೆಯೇ ಕೇಳುತ್ತೇನೆ, ಹೆಡ್ ಕೆಲಸದ ದುಡ್ಡು ಕೊಡ್ತೀಯೋ ಇಲ್ವೋ ಅಂತ.