ಎರಡನೆಯ ಪೊಟ್ಟಣವನ್ನು ಯಾರು ಕೊಂಡರು?

ಕೆಲವು ವಾರಗಳ ಹಿಂದೆ ಗೆಳತಿಯೊಬ್ಬರು ತಮ್ಮ ಆಹಾರ ಕಂಪನಿಯ ಲೆಕ್ಕದ ಹಾಳೆಗಳನ್ನು ನನ್ನ ಮುಂದೆ ಹರವಿದರು. ಹೊಸ ಕಂಪನಿಗಳ ಪಾಲು ಪಡೆದು ಹಣ ಹೂಡುವ ವೆಂಚರ್ ಕ್ಯಾಪಿಟಲ್ ಸಂಸ್ಥೆಯೊಂದರ ಜೊತೆ ಹೊಸ ಸುತ್ತಿನ ಬಂಡವಾಳಕ್ಕಾಗಿ ಮಾತುಕತೆ ನಡೆದಿತ್ತು. ಸಹಿ ಹಾಕುವ ಮೊದಲು ಲೆಕ್ಕ ಬಲ್ಲ ಇನ್ನೊಬ್ಬರ ಕಣ್ಣು ಹಾಯಲಿ ಎಂಬುದು ಅವರ ಇಚ್ಛೆ. ಮಾರಾಟದ ಗೆರೆ ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋಗಿತ್ತು. ಆದರೆ ಪ್ರತಿ ತಿಂಗಳ ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊನೆಯ ಐದು ದಿನಗಳಲ್ಲೇ ಆಗಿತ್ತು. ಜನರಿಗೆ ತಿಂಗಳ ಕೊನೆಯಲ್ಲಿ ಮಾತ್ರ ಹಸಿವಾಗುವುದಿಲ್ಲವಲ್ಲ!

ಈ ವ್ಯಾಪಾರದಲ್ಲಿ ಇರುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕಂಪನಿಯಿಂದ ವಿತರಕರ ಗೋದಾಮಿಗೆ ಹೋದ ಮಾಲು ಪ್ರೈಮರಿ ಸೇಲ್. ವಿತರಕರಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಅಂಗಡಿಯಿಂದ ಗ್ರಾಹಕರ ಕೈಚೀಲಕ್ಕೆ ಇಳಿದಾಗಷ್ಟೇ ಅದು ನಿಜವಾದ ಮಾರಾಟ. ಹೂಡಿಕೆದಾರರ ಮುಂದೆ ಬರುವ ಬೆಳವಣಿಗೆಯ ಅಂಕಿ ಬಹಳ ಸಲ ಈ ಮೂರರಲ್ಲಿ ಮೊದಲನೆಯದು. ತಿಂಗಳ ಗುರಿ ಮುಟ್ಟಬೇಕೆಂದರೆ ವಿತರಕರಿಗೆ ಹೆಚ್ಚುವರಿ ರಿಯಾಯಿತಿಯನ್ನೋ ಉದ್ದರಿಯನ್ನೋ ಕೊಟ್ಟು ಲಾರಿ ತುಂಬಿಸಿ ಕಳುಹಿಸಿದರಾಯಿತು. ಸಾಫ್ಟ್‌ವೇರ್ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತೇನೋ, ಆದರೆ ತಿನ್ನುವ ಪದಾರ್ಥದ ಮೇಲೆ ದಿನಾಂಕ ಅಚ್ಚಾಗಿರುತ್ತದೆ. ಗೋದಾಮಿನಲ್ಲಿ ಗೆಳತಿ ತೋರಿಸಿದ ಪೆಟ್ಟಿಗೆಗಳಲ್ಲಿ ಒಂದು ಸಾಲಿಗೆ ಉಳಿದಿದ್ದ ಆಯಸ್ಸು ನಲವತ್ತು ದಿನ, ಇನ್ನೊಂದಕ್ಕೆ ಹನ್ನೊಂದು. ಎಕ್ಸ್‌ಪೈರಿ ರಿಟರ್ನ್ ಎಂದು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಒರಗಿಸಿದ್ದ ಮೂರನೆಯ ಸಾಲಿನ ಪೆಟ್ಟಿಗೆಗಳೆಲ್ಲ ಆರು ತಿಂಗಳ ಹಿಂದಿನ ವರದಿಯಲ್ಲಿ ಮಾರಾಟವೆಂದು ದಾಖಲಾಗಿದ್ದವು.

ನನ್ನ ಗೆಳತಿ ಮೋಸ ಮಾಡುವವರಲ್ಲ. ಅವರನ್ನು ಈ ದಾರಿಗೆ ತಳ್ಳಿದ್ದು ಬಂದ ಹಣದ ಸ್ವಭಾವವೇ ಎಂಬುದು ನನ್ನ ವಾದ. ವೆಂಚರ್ ಕ್ಯಾಪಿಟಲ್ ನಿಧಿಗಳ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರೊಳಗೆ ಹಣ ಹಾಕಿ, ಬೆಳೆಸಿ, ಮಾರಿ, ನಿಧಿಗೆ ದುಡ್ಡು ಕೊಟ್ಟವರಿಗೆ ಹಿಂದಿರುಗಿಸಬೇಕು. ಹಾಕಿದ ಕಡೆಯಲ್ಲೆಲ್ಲ ಗೆಲುವು ಸಿಗುವುದಿಲ್ಲವೆಂದು ಅವರಿಗೂ ಗೊತ್ತು. ಒಂದೆರಡು ಕಂಪನಿಗಳು ಹತ್ತಾರು ಪಟ್ಟು ಬೆಳೆದು ಉಳಿದವುಗಳ ನಷ್ಟವನ್ನು ತುಂಬಿಕೊಡಬೇಕು ಎನ್ನುವುದೇ ಆ ಲೆಕ್ಕ. ಇನ್ನೊಬ್ಬ ಗ್ರಾಹಕರನ್ನು ಸೇರಿಸಿಕೊಳ್ಳಲು ಹೆಚ್ಚೇನೂ ಖರ್ಚಾಗದ ಸಾಫ್ಟ್‌ವೇರ್‌ಗೆ ಅದು ಹೊಂದುತ್ತದೆ. ಆಹಾರದಲ್ಲಿ ಪ್ರತಿ ಪೊಟ್ಟಣಕ್ಕೂ ಹೊಸದಾಗಿ ಕಚ್ಚಾ ಮಾಲು ಬೇಕು, ಕವರ್ ಬೇಕು, ಲಾರಿ ಬೇಕು. ಗ್ರಾಹಕರು ಕೊಡುವ 100ರಲ್ಲಿ ಅಂಗಡಿ ಮತ್ತು ವಿತರಕರ ಪಾಲಿಗೆ 40 ಹೋಯಿತೆಂದುಕೊಳ್ಳಿ, ಕಚ್ಚಾ ಮಾಲು ಮತ್ತು ಪ್ಯಾಕಿಂಗ್‌ಗೆ 33, ಸಾಗಾಟಕ್ಕೆ 6, ವಾಪಸು ಬಂದದ್ದಕ್ಕೆ 4. ಉಳಿದ 17ರಲ್ಲಿ ಸಂಬಳ, ಬಾಡಿಗೆ, ಜಾಹೀರಾತು, ಬಡ್ಡಿ ಎಲ್ಲವೂ ನಡೆಯಬೇಕು. ಹತ್ತು ಪಟ್ಟು ಮಾರಿದರೂ ಆ 17 ದೊಡ್ಡದಾಗಿ 60 ಆಗುವುದಿಲ್ಲ.

ಜ್ಯೂಸೆರೋ ಕಥೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ: ಸುಮಾರು 12 ಕೋಟಿ ಡಾಲರ್ ಬಂಡವಾಳ, ಪೊಟ್ಟಣದಿಂದ ರಸ ಹಿಂಡುವ 699 ಡಾಲರ್ ಬೆಲೆಯ ಯಂತ್ರ, ಅದೇ ಪೊಟ್ಟಣವನ್ನು ಕೈಯಿಂದಲೇ ಹಿಂಡಬಹುದೆಂದು 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಪತ್ರಕರ್ತರು ತೋರಿಸಿದ್ದು, ಸೆಪ್ಟೆಂಬರ್‌ಗೆ ಕಂಪನಿ ಮುಚ್ಚಿದ್ದು. ಅದರಿಂದ ಕಲಿಯುವುದು ಕಡಿಮೆ ಎಂದು ನನಗನ್ನಿಸುತ್ತದೆ. ಕಲಿಯಬೇಕಾದದ್ದು ಸಸ್ಯಗಳಿಂದ ಮಾಂಸದಂಥ ಆಹಾರ ಮಾಡುವ ಬಿಯಾಂಡ್ ಮೀಟ್‌ನಿಂದ, ಏಕೆಂದರೆ ಅದು ತಮಾಷೆಯ ಕಂಪನಿಯಾಗಿರಲಿಲ್ಲ. 2009ರಲ್ಲಿ ಆರಂಭವಾದ ಆ ಕಂಪನಿಯ ಷೇರು 2019ರ ಮೇ ತಿಂಗಳಲ್ಲಿ 25 ಡಾಲರ್‌ಗೆ ಮಾರುಕಟ್ಟೆಗೆ ಬಂದು ಮೊದಲ ದಿನವೇ 65 ದಾಟಿತು, ಜುಲೈನಲ್ಲಿ 230ಕ್ಕೂ ಮೇಲೇರಿತು, 2023ರ ಕೊನೆಗೆ 10ಕ್ಕಿಂತ ಕೆಳಗೆ ಕುಸಿದಿತ್ತು. ಸಸ್ಯಜನ್ಯ ಮಾಂಸವೆಂಬುದು ಹೇಗಿರುತ್ತದೆ ನೋಡೋಣವೆಂದು ಬಹಳ ಜನ ಒಮ್ಮೆ ಕೊಂಡರು, ಆದರೆ ವಾರದ ಸಾಮಾನಿನ ಚೀಟಿಯಲ್ಲಿ ಅದಕ್ಕೆ ಕಾಯಂ ಜಾಗ ಕೊಟ್ಟವರು ಎಣಿಸಿದಷ್ಟು ಇರಲಿಲ್ಲ. ಕುತೂಹಲದ ಮೊದಲ ತುತ್ತನ್ನು ಅಭ್ಯಾಸದ ಹಸಿವೆಂದು ಓದಿಕೊಂಡು ಅದರ ಮೇಲೆ ಕಾರ್ಖಾನೆಗಳ ಯೋಜನೆ ಹಾಕಿದರೆ, ರುಚಿಯಲ್ಲೋ ಬೆಲೆಯಲ್ಲೋ ಇರುವ ಸಣ್ಣ ಕೊರತೆಯನ್ನು ತಿದ್ದಿಕೊಳ್ಳಲು ಸಮಯ ಉಳಿಯುವುದಿಲ್ಲ.

ಆಹಾರದಾಚೆಯ ಬ್ರ್ಯಾಂಡ್‌ಗಳಲ್ಲೂ ಇದೇ ಆಗಿದೆ. ಶೇವಿಂಗ್ ಬ್ಲೇಡ್ ಮಾರುವ ಡಾಲರ್ ಶೇವ್ ಕ್ಲಬ್ ಅನ್ನು ಯೂನಿಲಿವರ್ 2016ರಲ್ಲಿ ಕೊಂಡಾಗ ನೂರು ಕೋಟಿ ಡಾಲರ್‌ನ ವ್ಯವಹಾರವೆಂದು ಸುದ್ದಿಯಾಗಿ, ಅಂಗಡಿಯ ಹಂಗಿಲ್ಲದೆ ಆನ್‌ಲೈನ್‌ನಲ್ಲೇ ನೇರವಾಗಿ ಮಾರಬಹುದೆಂಬ ನಂಬಿಕೆ ಹೂಡಿಕೆದಾರರಲ್ಲಿ ಬಲವಾಯಿತು. ಅಂಗಡಿಗೆ ಕೊಡುತ್ತಿದ್ದ ಪಾಲು ಆನ್‌ಲೈನ್ ಜಾಹೀರಾತಿಗೆ ಹೋಯಿತು, ಅಷ್ಟೇ. 2021ರಲ್ಲಿ ಆಪಲ್ ತನ್ನ ಫೋನುಗಳಲ್ಲಿ ಬಳಕೆದಾರರ ಜಾಡು ಹಿಡಿಯಲು ಅನುಮತಿ ಕೇಳುವುದನ್ನು ಕಡ್ಡಾಯ ಮಾಡಿದ ಮೇಲೆ, ಒಬ್ಬ ಹೊಸ ಗ್ರಾಹಕರನ್ನು ಹುಡುಕಿ ತರುವ ವೆಚ್ಚ ಅನೇಕರಿಗೆ ದುಬಾರಿಯಾಯಿತು. 2023ರಲ್ಲಿ ಯೂನಿಲಿವರ್ ಡಾಲರ್ ಶೇವ್ ಕ್ಲಬ್‌ನ ಬಹುಪಾಲನ್ನು ಮಾರಿಬಿಟ್ಟಿತು.

ಇದಕ್ಕೆ ಎದುರಾಗಿ ನಾನು ಮತ್ತೆ ಮತ್ತೆ ನೆನೆಯುವುದು ಆರ್‌ಎಕ್ಸ್‌ಬಾರ್ ಅನ್ನು. ಶಿಕಾಗೋದ ಇಬ್ಬರು ಗೆಳೆಯರು 2013ರಲ್ಲಿ ತಮ್ಮದೇ 10,000 ಡಾಲರ್ ಹಾಕಿ ಪ್ರೋಟೀನ್ ಬಾರ್‌ಗಳನ್ನು ಕೈಯಾರೆ ಮಾಡಿ ವ್ಯಾಯಾಮಶಾಲೆಗಳಿಗೆ ಮಾರಲು ತೊಡಗಿದರು. 2017ರಲ್ಲಿ ಕೆಲಾಗ್ ಅದನ್ನು 60 ಕೋಟಿ ಡಾಲರ್‌ಗೆ ಕೊಂಡಿತು. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಸಂಸ್ಥಾಪಕರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಹಲವು ಸುತ್ತುಗಳಲ್ಲಿ 8 ಕೋಟಿ ಡಾಲರ್ ಎತ್ತಿದ ಕಂಪನಿ 10 ಕೋಟಿಗೆ ಮಾರಾಟವಾಯಿತೆನ್ನಿ. ಹೂಡಿಕೆದಾರರಿಗೆ ಲಿಕ್ವಿಡೇಶನ್ ಪ್ರಿಫರೆನ್ಸ್, ಅಂದರೆ ಹಾಕಿದ ಹಣವನ್ನು ಮೊದಲು ತೆಗೆದುಕೊಳ್ಳುವ ಹಕ್ಕು, ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅವರು 8 ಕೋಟಿ ಎತ್ತಿಕೊಂಡ ಮೇಲೆ ಸಂಸ್ಥಾಪಕರೂ ನೌಕರರೂ ಹಂಚಿಕೊಳ್ಳಲು ಉಳಿಯುವುದು 2 ಕೋಟಿ. ಪತ್ರಿಕೆಗಳಲ್ಲಿ ಮಾತ್ರ 10 ಕೋಟಿಯ ತಲೆಬರಹ.

ಹಾಗೆಂದು ವೆಂಚರ್ ಕ್ಯಾಪಿಟಲ್ ಆಹಾರದ ಹತ್ತಿರ ಸುಳಿಯಲೇಬಾರದೆಂದು ನಾನು ಹೇಳುವುದಿಲ್ಲ. ಹೊಸ ಹುದುಗು ತಂತ್ರವನ್ನೋ ಕೆಡದಂತೆ ಕಾಪಾಡುವ ಹೊಸ ವಿಧಾನವನ್ನೋ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾದಾಗ, ಆ ಅಪಾಯಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಅಲ್ಲಿ ಇಂಥ ಹಣಕ್ಕೆ ಕೆಲಸವಿದೆ. ದಾಸ್ತಾನು ಇಡಲು, ವಿತರಕರ ಉದ್ದರಿಯನ್ನು ತಾಳಿಕೊಳ್ಳಲು ದುಡಿಯುವ ಬಂಡವಾಳದ ಸಾಲವೇ ಅಗ್ಗ, ತೀರಿಸಿದ ಮೇಲೆ ಅದು ಪಾಲು ಕೇಳುವುದಿಲ್ಲ. ರಿಯಾಯಿತಿ ಕೊಡಲೆಂದು ಕಂಪನಿಯ ಪಾಲನ್ನು ಮಾರುವುದು ಮಾತ್ರ ನನಗೆ ಯಾವತ್ತೂ ಅರ್ಥವಾಗಿಲ್ಲ.

ಗೆಳತಿಯ ಬಳಿ ನಾನು ಎರಡು ಹಾಳೆಗಳನ್ನು ಕೇಳಿದೆ. ಯಾವ ಬ್ಯಾಚಿನಿಂದ ಎಷ್ಟು ವಾಪಸು ಬಂದಿದೆ ಎಂಬುದು ಒಂದು. ಮೊದಲ ಸಲ ಕೊಂಡವರಲ್ಲಿ ಎಷ್ಟು ಜನ ಮೂರು ತಿಂಗಳೊಳಗೆ ಮತ್ತೆ ಕೊಂಡರು ಎಂಬುದು ಇನ್ನೊಂದು. ಮೊದಲನೆಯದು ಅದೇ ರಾತ್ರಿ ಬಂತು. ಎರಡನೆಯದನ್ನು ಅವರು ಇದುವರೆಗೆ ಬರೆದಿಟ್ಟಿರಲೇ ಇಲ್ಲ, ಹೂಡಿಕೆದಾರರೂ ಕೇಳಿರಲಿಲ್ಲ. ಈಗ ಅವರ ಕಡೆಯ ಇಬ್ಬರು ಹನ್ನೆರಡು ಅಂಗಡಿಗಳಲ್ಲಿ ದಿನವಿಡೀ ನಿಂತು, ಪೊಟ್ಟಣ ಎತ್ತಿಕೊಂಡವರನ್ನು ಇದು ಎಷ್ಟನೆಯ ಸಲವೆಂದು ವಿಚಾರಿಸಿ ಗುರುತು ಹಾಕಿಕೊಳ್ಳುತ್ತಿದ್ದಾರೆ. ಸಹಿಯನ್ನು ಆರು ವಾರ ಮುಂದೂಡಲು ಹೂಡಿಕೆದಾರರು ಒಪ್ಪಿದ್ದಾರೆ. ಜೊತೆಗೆ ಈ ತಿಂಗಳ ಪ್ರೈಮರಿ ಅಂಕಿಯನ್ನು ಮೂವತ್ತನೆಯ ತಾರೀಖಿಗೇ ಕಳುಹಿಸಿ ಎಂದಿದ್ದಾರೆ.