ಸತ್ಯಾಂಶ: ಬೇನೆ ಬರಿಸುವ ಮದ್ದು ಕೊಟ್ಟರೆ ಸಿಸೇರಿಯನ್ ಖಚಿತವೇ?

“ದಿನ ಮೀರಿದರೂ ಹೆದರಬೇಡಿ. ಬೇನೆ ಬರಿಸಲು ಮದ್ದು ಕೊಟ್ಟರೆ ಕೊನೆಗೆ ಸಿಸೇರಿಯನ್ನೇ. ಹರಳೆಣ್ಣೆ ಕುಡಿದು ಕಾಯಿರಿ.” ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ತಪ್ಪು.

ಸ್ವೀಡನ್ನಿನಲ್ಲಿ 2,760 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ 41 ವಾರಕ್ಕೆ ಬೇನೆ ಬರಿಸುವುದು, ಉಳಿದವರು 42ರವರೆಗೆ ಕಾಯುವುದು ಎಂದಿತ್ತು. ಸಿಸೇರಿಯನ್ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಕಾದವರ ಗುಂಪಿನಲ್ಲಿ 6 ಶಿಶುಗಳು ತೀರಿಕೊಂಡವು, ಇನ್ನೊಂದರಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಇಂಥ ಸಾವು ಅಪರೂಪವೇ. ಆದರೂ 41 ತುಂಬಿದ ಮೇಲೆ ಸುಮ್ಮನೆ ಕಾಯುವುದರಿಂದ ಲಾಭವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಆಗಲೇ ಬೇನೆ ಬರಿಸಿ ಎಂದು.

ಕೊನೆಯ ಮುಟ್ಟಿನಿಂದ ಎಣಿಸುವ ಈ ವಾರದ ಲೆಕ್ಕ ಸರಿಯಿರಬೇಕು. ಮುಟ್ಟಿನ ದಿನ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ನಂಬಬಹುದು, ಎಂಟನೇ ತಿಂಗಳಿನದ್ದಲ್ಲ. ಹೆರಿಗೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು ಆ ಹಳೆಯ ರಿಪೋರ್ಟನ್ನೇ ಜೊತೆಗೆ ಒಯ್ಯಿರಿ.

ಗರ್ಭಕೋಶದ ಬಾಯಿ ಮೆದುವಾಗಿರದಿದ್ದರೆ ಅದನ್ನು ಮೆದುಗೊಳಿಸುವ ಮಿಸೊಪ್ರೊಸ್ಟಾಲ್ ಎಂಬ ಮದ್ದನ್ನು 25 ಮೈಕ್ರೋಗ್ರಾಂನಂತೆ ಎರಡು ಗಂಟೆಗೊಮ್ಮೆ ನುಂಗಲು ಕೊಡುತ್ತಾರೆ, ಅಥವಾ ಬಲೂನ್ ಕ್ಯಾಥೆಟರ್ (ತುದಿಯ ಬಲೂನ್ ಉಬ್ಬಿಸಿ ಆ ಬಾಯಿಯನ್ನು ಹಿಗ್ಗಿಸುವ ಸಣ್ಣ ಕೊಳವೆ) ಇಡುತ್ತಾರೆ. ಆಮೇಲೆ ಬೇಕಿದ್ದರೆ ಬೇನೆ ಹೆಚ್ಚಿಸುವ ಆಕ್ಸಿಟೋಸಿನ್ ಮದ್ದಿನ ಡ್ರಿಪ್. ಒಂದೆರಡು ದಿನ ಹಿಡಿಯಬಹುದು; ಅದನ್ನು ಸೋಲು ಎಂದುಕೊಳ್ಳಬೇಡಿ. ಹಿಂದೆ ಸಿಸೇರಿಯನ್ ಆಗಿದ್ದರೆ ತಪ್ಪದೆ ಹೇಳಿ: ಮಿಸೊಪ್ರೊಸ್ಟಾಲ್‌ನಿಂದ ಹಳೆಯ ಹೊಲಿಗೆಯ ಜಾಗ ಬಿರಿಯುವ ಅಪಾಯವಿದೆ.

ಹರಳೆಣ್ಣೆಯಿಂದ ಭೇದಿಯಾಗಿ ಮೈಯ ನೀರು ಕಡಿಮೆಯಾಗುತ್ತದೆ, ಬೇನೆ ಬರುವ ಭರವಸೆಯಿಲ್ಲ. ಮಗುವಿನ ಚಲನೆ ಕಡಿಮೆಯಾದರೆ, ನೀರು ಒಡೆದರೆ, ರಕ್ತ ಕಂಡರೆ, ಎಷ್ಟನೇ ವಾರವಾದರೂ ಸರಿ, ರಾತ್ರಿಯಾದರೂ ಕೂಡಲೇ ಆಸ್ಪತ್ರೆಗೆ ಹೋಗಿ.