ಕೇಳಿ ಹಾಕುವವರು, ಹಾಕಿ ಹೇಳುವವರು

ಮಗಳ ಶಾಲೆಯ ಪ್ರವಾಸ ಮುಗಿದ ಸಂಜೆ ಅವಳ ಗೆಳತಿಯ ಅಮ್ಮ ನನ್ನ ಮುಂದೆ ಫೋನ್ ಹಿಡಿದರು. ಕೆಸರು ಮೆತ್ತಿದ ಬೂಟು ಹಾಕಿಕೊಂಡು ಮಕ್ಕಳಿಬ್ಬರೂ ನಗುತ್ತಿರುವ ಫೋಟೊ. "ಇದನ್ನ ಪೋಷಕರ ಗ್ರೂಪಿಗೆ ಹಾಕಬಹುದಾ? ಬೇಡ ಅಂದ್ರೆ ನಿಮ್ಮ ಮಗಳ ಮುಖ ಮುಚ್ಚಿ ಹಾಕ್ತೀನಿ" ಅಂದರು. ಹಾಕಿ ಅಂದೆ. ಸಣ್ಣ ವಿಷಯವೇ. ಆದರೆ ಜರ್ಮನಿಗೆ ಬಂದು ಆರು ವರ್ಷವಾದರೂ, ಹೀಗೆ ಯಾರಾದರೂ ಕೇಳಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಅದೇ ರಾತ್ರಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಅಪ್ಪನ ಫೋಟೊ ಬಂತು. ಆಸ್ಪತ್ರೆಯ ಹಾಸಿಗೆ, ಮೂಗಿಗೆ ಆಕ್ಸಿಜನ್ ನಳಿಕೆ, ಅರ್ಧ ತೆರೆದ ಬಾಯಿ. ಕೆಳಗೆ ರಕ್ತಪರೀಕ್ಷೆಯ ವರದಿ. ಅದರ ಮೇಲೆ ಅಪ್ಪನ ಪೂರ್ತಿ ಹೆಸರು, ವಯಸ್ಸು, ಫೋನ್ ನಂಬರು. ಗ್ರೂಪಿನಲ್ಲಿರುವವರು 143 ಜನ, ಅದರಲ್ಲಿ ಅರ್ಧಕ್ಕರ್ಧ ಜನರ ಮುಖವೇ ನನಗೆ ನೆನಪಿಲ್ಲ. ಅಪ್ಪ ಕ್ಷೌರ ಮಾಡಿಕೊಳ್ಳದೆ ಬಾಗಿಲಿಗೆ ಬಂದವರನ್ನೂ ಮಾತಾಡಿಸುತ್ತಿರಲಿಲ್ಲ. ಅಂಥವರನ್ನು ಅಷ್ಟೂ ಜನ ಹಾಗೆ ನೋಡಿದರು.

ಹಾಕಿದವನು ನನ್ನ ಚಿಕ್ಕಪ್ಪನ ಮಗ. "ಎಲ್ರಿಗೂ ಒಂದೇ ಸಲ ಗೊತ್ತಾಗ್ಲಿ ಅಂತ ಹಾಕ್ದೆ ಅಣ್ಣ" ಅಂದ. ಡಿಲೀಟ್ ಮಾಡಿಸಿದೆ. ಅಷ್ಟರಲ್ಲಿ ಎಷ್ಟು ಫೋನುಗಳ ಗ್ಯಾಲರಿಗೆ ಅದು ತಾನಾಗಿ ಇಳಿದಿತ್ತೋ, ಎಷ್ಟು ಗ್ರೂಪುಗಳಿಗೆ ಫಾರ್ವರ್ಡ್ ಆಗಿತ್ತೋ.

ಊರಿನವರು ನನ್ನನ್ನು ಆಗಾಗ ಕೇಳುತ್ತಾರೆ: ಯಾವ ಆಪ್ ಸೇಫು? ನನ್ನ ಉತ್ತರ ಯಾರಿಗೂ ಹಿಡಿಸುವುದಿಲ್ಲ. ವಾಟ್ಸಾಪಿನ ಮಾತುಕತೆಗೆ, ಕರೆಗೆ 2016ರಿಂದಲೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ನಡುವೆ ಯಾರೂ ತೆರೆಯಲಾಗದ ಬೀಗ. ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆಪಿನವರು ಕಟ್ಟಿದ ಬೀಗವನ್ನೇ ಅವರೂ ಬಳಸುತ್ತಾರೆ. ಅಪ್ಪನ ಫೋಟೊವನ್ನು ದಾರಿಯಲ್ಲಿ ಯಾರೂ ನೋಡಿಲ್ಲ, ಕಂಪನಿಯೂ ನೋಡಿಲ್ಲ. ಬೀಗ ಗಟ್ಟಿಯೇ ಇತ್ತು, ಕೀಲಿ ಮಾತ್ರ 143 ಜನರ ಕೈಯಲ್ಲಿತ್ತು.

ಹಾಗಂತ ಎಲ್ಲ ಆಪೂ ಒಂದೇ ಅಲ್ಲ. ನಮ್ಮಲ್ಲಿ ಗುಟ್ಟಿನ ಮಾತಿಗೆ ಟೆಲಿಗ್ರಾಂ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಅಲ್ಲಿನ ಮಾಮೂಲಿ ಚಾಟಿಗೆ ಎಂಡ್-ಟು-ಎಂಡ್ ಬೀಗವೇ ಇಲ್ಲ. ಸೀಕ್ರೆಟ್ ಚಾಟ್ ಅಂತ ಬೇರೆಯಾಗಿ ತೆರೆಯಬೇಕು, ಗ್ರೂಪಿಗೆ ಅದೂ ಇಲ್ಲ. ವಿಡಿಯೊ ಮೀಟಿಂಗಿನ ಜೂಮ್ ಕೂಡ ತನ್ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ ಅಂತ ಹೇಳಿಕೊಂಡಿತ್ತು, 2020ರಲ್ಲಿ ಅದು ಸುಳ್ಳು ಅಂತ ಹೊರಬಿತ್ತು. ಅದೇ ವರ್ಷ ಅದನ್ನು ನಿಜವಾಗಿ ಸೇರಿಸಿದರು, ಆದರೆ ನಾವೇ ಆನ್ ಮಾಡಿಕೊಳ್ಳಬೇಕು. ವಾಟ್ಸಾಪಿನ ಬ್ಯಾಕಪ್ಪಿಗೂ 2021ರಿಂದ ಬೀಗ ಹಾಕಬಹುದು. ಅದೂ ಸೆಟ್ಟಿಂಗ್ಸಿನ ಒಳಗೆಲ್ಲೋ ಇದೆ, ನನ್ನ ಬಳಗದಲ್ಲಿ ಆನ್ ಮಾಡಿಕೊಂಡವರು ಒಬ್ಬರೂ ಸಿಕ್ಕಿಲ್ಲ.

ನಾನು ಸಿಗ್ನಲ್ಲಿಗೆ ಹೋಗಿದ್ದು ಬೇರೆ ಕಾರಣಕ್ಕೆ. ವಾಟ್ಸಾಪಿನಲ್ಲಿ ಆಡಿದ ಮಾತು ಕಂಪನಿಗೆ ತಿಳಿಯದಿದ್ದರೂ ಯಾರ ಜೊತೆ, ಯಾವ ಹೊತ್ತಿಗೆ ಆಡಿದೆವು ಅನ್ನುವುದು ತಿಳಿಯುತ್ತದೆ. ಸಿಗ್ನಲ್ ಅದನ್ನೂ ಇಟ್ಟುಕೊಳ್ಳುವುದಿಲ್ಲ. 2016ರಲ್ಲಿ ಅಮೆರಿಕದ ತನಿಖೆಯೊಂದರಲ್ಲಿ ಅವರಿಂದ ಮಾಹಿತಿ ಕೇಳಿದಾಗ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದದ್ದು ಯಾವಾಗ, ಕೊನೆಗೆ ಸಂಪರ್ಕಕ್ಕೆ ಬಂದದ್ದು ಯಾವಾಗ. ನನಗೆ ಅಷ್ಟು ಸಾಕಾಯಿತು.

ಇಲ್ಲಿಯವರಿಗೆ ನನ್ನ ನಂಬರು ನನ್ನದು ಅನ್ನುವ ಎಚ್ಚರ ಎಷ್ಟಿದೆಯೋ, ಇನ್ನೊಬ್ಬರ ನಂಬರು ಇನ್ನೊಬ್ಬರದು ಅನ್ನುವ ಎಚ್ಚರವೂ ಅಷ್ಟೇ ಇದೆ. ಜರ್ಮನಿಯ ಹಲವು ರಾಜ್ಯಗಳಲ್ಲಿ ಶಿಕ್ಷಕರು ಶಾಲೆಯ ಕೆಲಸಕ್ಕೆ ವಾಟ್ಸಾಪ್ ಬಳಸುವಂತಿಲ್ಲ, ಫೋನಿನಲ್ಲಿರುವ ಎಲ್ಲರ ನಂಬರೂ ಅವರನ್ನು ಕೇಳದೆಯೇ ಕಂಪನಿಗೆ ಹೋಗುತ್ತದೆ ಅನ್ನುವುದೂ ಅದಕ್ಕೆ ಒಂದು ಕಾರಣ. ನಂಬರೇ ಕೇಳದ, ಸ್ವಿಟ್ಜರ್ಲೆಂಡಿನ ಥ್ರೀಮಾ ಆಪನ್ನು ದುಡ್ಡು ಕೊಟ್ಟು ಹಾಕಿಕೊಂಡವರು ನನ್ನ ಆಫೀಸಿನಲ್ಲೇ ಇದ್ದಾರೆ. ನಮ್ಮಲ್ಲಿ? ಬೆಳಗ್ಗೆ ಎದ್ದು ನೋಡಿದರೆ ನಾನು ಹೊಸ ಗ್ರೂಪಿನಲ್ಲಿರುತ್ತೇನೆ. ಸೇರಿಸಿದವರು ಯಾರೋ, ಯಾಕೋ. ಬಿಟ್ಟುಬಂದರೆ "ಯಾಕೆ ಕೋಪಾನಾ?" ಅಂತ ಫೋನು. ಯಾರು ಬೇಕಾದರೂ ಸೇರಿಸದ ಹಾಗೆ ಮಾಡಲು ಪ್ರೈವೆಸಿ ಸೆಟ್ಟಿಂಗಿನಲ್ಲಿ ಗ್ರೂಪ್ಸ್ ಅಂತ ಒಂದು ಆಯ್ಕೆ ಇದೆ. ಆದರೆ ಸೇರಿಸುವವರು ನಮ್ಮ ಕಾಂಟ್ಯಾಕ್ಟಿನವರೇ ಆದಾಗ ಅದರಿಂದೇನು ಪ್ರಯೋಜನ?

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಇಲ್ಲಿಯೂ ಹೆಚ್ಚಿನವರ ಫೋನಿನಲ್ಲಿರುವುದು ವಾಟ್ಸಾಪೇ. ಮತ್ತು ಅಪ್ಪನಿಗೆ ಉಸಿರು ಕಟ್ಟಿದ ಆ ರಾತ್ರಿ, ಹೋದ ವರ್ಷ ನಾನೇ ಪಟ್ಟು ಹಿಡಿದು ಅಮ್ಮನ ಫೋನಿಗೆ ಹಾಕಿಕೊಟ್ಟಿದ್ದ ಸಿಗ್ನಲ್ ಕೆಲಸಕ್ಕೆ ಬರಲಿಲ್ಲ. ಅದು ನಡುನಡುವೆ ಪಿನ್ ನೆನಪಿದೆಯಾ ಅಂತ ಕೇಳುತ್ತದೆ. ಅಮ್ಮ ಹೆದರಿ, ಅದನ್ನು ತೆರೆಯುವುದನ್ನೇ ಬಿಟ್ಟಿದ್ದರು. ಅವರ ಬೆರಳು ಹೋದದ್ದು ರೂಢಿಯಿದ್ದ ಹಸಿರು ಗುರುತಿನ ಕಡೆಗೆ. ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು. ಮುಖವೇ ನೆನಪಿಲ್ಲ ಅಂದೆನಲ್ಲ, ಆ ಅರ್ಧದಲ್ಲಿದ್ದ ಒಬ್ಬರು ಕಾಲು ಗಂಟೆಯಲ್ಲಿ ಕಾರು ತಂದರು. ನಾನು ಇಲ್ಲಿ ಫೋನ್ ಸೈಲೆಂಟಿಗಿಟ್ಟು ಮಲಗಿದ್ದೆ. ಎರಡು ರಾತ್ರಿ ಅಪ್ಪನ ಪಕ್ಕ ಕೂತವನು, ಆ ಫೋಟೊ ಹಾಕಿದ ಚಿಕ್ಕಪ್ಪನ ಮಗನೇ.

ಹಾಗಾಗಿ ಆಪ್ ಬದಲಿಸಿ ಅಂತ ಯಾರಿಗೂ ಈಗ ಹೇಳುತ್ತಿಲ್ಲ. ಅಮ್ಮನ ವಾಟ್ಸಾಪಿಗೇ, ಬೇರೆಯವರು ಅದನ್ನು ತಮ್ಮ ಫೋನಿನಲ್ಲಿ ತೆರೆಯದ ಹಾಗೆ, ಟೂ-ಸ್ಟೆಪ್ ಪಿನ್ ಹಾಕಿಸಿದ್ದೇನೆ. ಎಸ್ಸೆಮ್ಮೆಸ್ಸಿನಲ್ಲಿ ಬರುವ ಆರಂಕಿಯ ಕೋಡನ್ನು ಯಾರು ಕೇಳಿದರೂ, ನಾನು ಕೇಳಿದರೂ, ಹೇಳಬೇಡಿ ಅಂದಿದ್ದೇನೆ. ಅಪ್ಪನ ಸುದ್ದಿಗೆ ಅಂತಲೇ ಐದು ಜನರ ಗ್ರೂಪ್ ಮಾಡಿದ್ದೇವೆ. ಅದರಲ್ಲಿ ಹಾಕಿದ್ದು ಏಳು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ.

ಮೊನ್ನೆ ಅದರಲ್ಲಿ ತಮ್ಮನ ಮೆಸೇಜ್ ಬಂತು: "ಅಣ್ಣ, ದೊಡ್ಡಪ್ಪ ಎದ್ದು ಕೂತಿದಾರೆ. ಫೋಟೊ ಹಾಕ್ಲಾ?" ಅವರನ್ನೇ ಕೇಳು ಅಂದೆ. ಒಂದು ನಿಮಿಷ ಬಿಟ್ಟು ಆಡಿಯೊ ಬಂತು. ಹಿಂದೆ ಫ್ಯಾನಿನ ಸದ್ದು, ಅವನು ಕೇಳಿದ್ದು, ಆಮೇಲೆ ಅಪ್ಪನ ದನಿ: "ತಾಳು, ಕನ್ನಡಕ ಹಾಕ್ಕೋತೀನಿ."